ಸಿಂಬಾ ದೊಡ್ಡವನಾಗದೆಯೇ ಮುಗಿದ ಆಟ: ನನ್ನ ನೆನಪೇ ತಪ್ಪೇ?

ಡೊಂಬಿವಲಿ_ಪ್ರಯಾಣಿಕ:

ನಮಸ್ಕಾರ. ನನಗೂ ಅಣ್ಣನಿಗೂ ಎರಡು ವಾರದಿಂದ ನಡೆಯುತ್ತಿರುವ ಒಂದು ವಾದವನ್ನು ಇಲ್ಲಿಯ ಹಳೆಯ ಆಟಗಾರರ ಮುಂದಿಡುತ್ತಿದ್ದೇನೆ. 1996ರ ಸುಮಾರಿಗೆ ನಾವು ಮಾಟುಂಗದಲ್ಲಿದ್ದಾಗ ಅಪ್ಪ ಒಂದು ಟಿವಿ ಗೇಮ್ ತಂದಿದ್ದರು. ಅದು ಹೆಸರುವಾಸಿ ಕಂಪನಿಯದಲ್ಲ. ಆ ದಿನಗಳಲ್ಲಿ ಮನೆಮನೆಯಲ್ಲೂ ಇದ್ದ, ಮೇಲಿನಿಂದ ಕ್ಯಾಸೆಟ್ ಸಿಕ್ಕಿಸುವ ಪೆಟ್ಟಿಗೆ. ಅದರಲ್ಲಿ ನಾನು 'ಲಯನ್ ಕಿಂಗ್' ಆಟವನ್ನು ಪೂರ್ತಿ ಮುಗಿಸಿದ್ದೆ. ಸಿಂಬಾ ಕೊನೆಯವರೆಗೂ ಮರಿಯಾಗಿಯೇ ಇದ್ದ. 'ಹಕೂನಾ ಮಟಾಟಾ' ಹಂತ ದಾಟಿದೊಡನೆ ಆಟ ಮುಗಿಯಿತು. ಈಚೆಗೆ ಮಗಳಿಗೆಂದು ಹಳೆಯ ಆಟಗಳ 2019ರ ಡಿಸ್ನಿ ಸಂಕಲನವನ್ನು ಕೊಂಡು ನೋಡಿದರೆ, ಅಲ್ಲಿ ಸಿಂಬಾ ಬೆಳೆದು ದೊಡ್ಡ ಸಿಂಹವಾಗಿ ಖಳನಾಯಕ ಸ್ಕಾರ್ ಜೊತೆ ಕಾದಾಡುತ್ತಾನೆ. ಪುಣೆಯಲ್ಲಿರುವ ಅಣ್ಣ, ನಾನು ಆಟ ಮುಗಿಸಿಯೇ ಇರಲಿಲ್ಲ, ಅರ್ಧಕ್ಕೆ ಊಟಕ್ಕೆ ಎದ್ದುಹೋಗಿದ್ದೆ ಎಂದು ಸಾಧಿಸುತ್ತಿದ್ದಾನೆ.

'ಅಲ್ಲಾದೀನ್' ವಿಷಯದಲ್ಲೂ ಇದೇ ಕಥೆ. ಮಸ್ಕತ್‌ನಿಂದ ಬಂದ ಮಾವನ ಮನೆಯ ಸೂಪರ್ ನಿಂಟೆಂಡೊ ಗೇಮ್ ಯಂತ್ರದಲ್ಲಿ ನಾನು ಆಡಿದ ಅಲ್ಲಾದೀನನ ಕೈಯಲ್ಲಿ ಕತ್ತಿ ಇರಲಿಲ್ಲ. ಗೆಳೆಯನ ಮನೆಯಲ್ಲಿ ಆಡಿದ ಅಣ್ಣ, ಕತ್ತಿ ಇತ್ತೆಂದು ಆಣೆ ಮಾಡುತ್ತಾನೆ. ಹಳೆಯ ಪೆಟ್ಟಿಗೆ ಮತ್ತು ಕ್ಯಾಸೆಟ್ ಇನ್ನೂ ಅಟ್ಟದ ಮೇಲಿವೆ. ಅವನ್ನು ಮತ್ತೆ ಚಾಲೂ ಮಾಡಬಹುದೇ? ಇನ್ನೊಂದು ಮಾತು: ಸಂಕಲನದಲ್ಲಿ ಕೋತಿಗಳು ಸಿಂಬಾನನ್ನು ಎಸೆದಾಡುವ ಎರಡನೆಯ ಹಂತವನ್ನೇ ನನಗೆ ದಾಟಲಾಗುತ್ತಿಲ್ಲ. ಇದು ವಯಸ್ಸಿನ ದೋಷವೋ ಆಟದ್ದೋ ತಿಳಿಯದು.

ಮಾಟುಂಗದ_ಹಳಬ:

ನಿಮ್ಮ ನೆನಪು ಸರಿಯಾಗಿದೆ. ನೀವಿಬ್ಬರೂ ಬೇರೆ ಬೇರೆ ಆಟಗಳ ಬಗ್ಗೆ ಮಾತನಾಡುತ್ತಿದ್ದೀರಿ, ಅಷ್ಟೆ. ಆ ಕಾಲದಲ್ಲಿ ಒಂದೇ ಚಿತ್ರದ ಹೆಸರಿನಲ್ಲಿ ಒಂದೊಂದು ಯಂತ್ರಕ್ಕೆ ಒಂದೊಂದು ಆಟ ಬರುತ್ತಿತ್ತು. ವೆಸ್ಟ್‌ವುಡ್ ಸ್ಟುಡಿಯೋಸ್ 1994ರಲ್ಲಿ ಸೂಪರ್ ನಿಂಟೆಂಡೊ ಮತ್ತು ಸೆಗಾ ಯಂತ್ರಗಳಿಗೆ ಮಾಡಿದ 'ಲಯನ್ ಕಿಂಗ್'ನಲ್ಲಿ ಸಿಂಬಾ ಬೆಳೆಯುತ್ತಾನೆ. ಆದರೆ ಅದಕ್ಕೂ ಹಳೆಯ, ಕಡಿಮೆ ಶಕ್ತಿಯ 8 ಬಿಟ್ ನಿಂಟೆಂಡೊ ಯಂತ್ರಕ್ಕೆ 1995ರಲ್ಲಿ, ಅದೂ ಯುರೋಪಿನಲ್ಲಿ ಮಾತ್ರ, ಒಂದು ಮೊಟಕು ರೂಪ ಹೊರಬಂದಿತು. ಅದು ನೀವು ಹೇಳಿದ ಹಂತದಲ್ಲೇ ನಿಲ್ಲುತ್ತದೆ. ದೊಡ್ಡ ಸಿಂಬಾನಾಗಿ ಆಡುವ ಭಾಗವೇ ಅದರಲ್ಲಿಲ್ಲ. ನಮ್ಮ ಮನೆಗಳಲ್ಲಿದ್ದ ಪೆಟ್ಟಿಗೆಗಳು ಆ 8 ಬಿಟ್ ಯಂತ್ರದ ನಕಲುಗಳಾದ್ದರಿಂದ ನಿಮ್ಮ ಕ್ಯಾಸೆಟ್ಟಿನಲ್ಲಿ ಅದರ ನಕಲು ಇದ್ದಿರಬೇಕು. 2019ರ ಸಂಕಲನದಲ್ಲಿ ಆ ರೂಪವನ್ನು ಸೇರಿಸಿಲ್ಲ. ಅಣ್ಣನವರಿಗೆ ಅದು ಕಾಣದಿದ್ದರೆ ಆಶ್ಚರ್ಯವಿಲ್ಲ.

ಕತ್ತಿಯ ಪ್ರಶ್ನೆಯಲ್ಲಿ ಇಬ್ಬರೂ ಗೆದ್ದಿದ್ದೀರಿ. 1993ರಲ್ಲಿ ಸೆಗಾಕ್ಕೆ ವರ್ಜಿನ್ ಸಂಸ್ಥೆ ಒಂದು 'ಅಲ್ಲಾದೀನ್' ಮಾಡಿತು. ಡಿಸ್ನಿಯ ಚಿತ್ರಕಾರರೇ ಕಾಗದದ ಮೇಲೆ ಬರೆದ ಚಿತ್ರಗಳನ್ನು ಗಣಕಕ್ಕೆ ಇಳಿಸಿ ಅದರ ಪಾತ್ರಗಳನ್ನು ನಡೆದಾಡಿಸಿದ್ದರಿಂದ ಅದು ಇಂದಿಗೂ ಕಣ್ಣಿಗೆ ಹಬ್ಬ. ಅದರಲ್ಲಿ ಕತ್ತಿ ಇದೆ. ಅದೇ ವರ್ಷ ಸೂಪರ್ ನಿಂಟೆಂಡೊಗೆ ಕ್ಯಾಪ್‌ಕಾಮ್ ಮಾಡಿದ್ದು ಸಂಪೂರ್ಣ ಬೇರೆ ಆಟ. ಅದನ್ನು ರೂಪಿಸಿದವರು, ಮುಂದೆ 'ರೆಸಿಡೆಂಟ್ ಈವಿಲ್' ಮಾಡಿದ ಶಿಂಜಿ ಮಿಕಾಮಿ. ಅಲ್ಲಿ ಶತ್ರುಗಳ ತಲೆಯ ಮೇಲೆ ಹಾರುವುದು, ಸೇಬು ಎಸೆಯುವುದು, ಅಷ್ಟೇ. ಸೊಗಸು ಸೆಗಾದ್ದು, ಆಡುವ ಸುಖ ನಿಂಟೆಂಡೊದ್ದು ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೊಡನೆ ಜಗಳಕ್ಕೂ ಸಿದ್ಧನಿದ್ದೇನೆ.

ಕೋಥರೂಡಿನ_ಓದುಗಿ:

ವಯಸ್ಸಿನ ದೋಷವಲ್ಲ, ಸಮಾಧಾನ ಮಾಡಿಕೊಳ್ಳಿ. ಅಮೆರಿಕದಲ್ಲಿ ಆಟಗಳನ್ನು ವಾರಾಂತ್ಯಕ್ಕೆ ಬಾಡಿಗೆಗೆ ತಂದು ಆಡಿ ಮುಗಿಸಿ ಮರಳಿಸುವ ಪದ್ಧತಿಯಿತ್ತು. ಹಾಗೆ ಮುಗಿಸಿಬಿಟ್ಟರೆ ಕೊಳ್ಳುವವರು ಯಾರು ಎಂಬ ಲೆಕ್ಕಾಚಾರದಿಂದ ಡಿಸ್ನಿಯ ಒತ್ತಾಯದ ಮೇರೆಗೆ ಮೊದಲ ಹಂತಗಳನ್ನೇ ಬೇಕೆಂದು ಕಠಿಣಗೊಳಿಸಲಾಯಿತೆಂದು ವೆಸ್ಟ್‌ವುಡ್ ಸಂಸ್ಥಾಪಕರಲ್ಲೊಬ್ಬರಾದ ಲೂಯಿ ಕ್ಯಾಸಲ್ ಹೇಳಿದ್ದಾರೆ. ಬಾಡಿಗೆ ಅಂಗಡಿಯ ಮೇಲಿನ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಂಡದ್ದು ಅನ್ಯಾಯವೆಂದೇ ನನಗೆ ಅನಿಸುತ್ತದೆ. ಆ ಹಂತದ ಗುಟ್ಟು ಇಷ್ಟು: ಗುಲಾಬಿ ಬಣ್ಣದ ಕೋತಿಗಳ ಎದುರು ಗರ್ಜಿಸಿದರೆ ಅವು ತಿರುಗಿ ನಿಲ್ಲುತ್ತವೆ, ಆಗ ನಿಮ್ಮನ್ನು ಎಸೆಯುವ ದಿಕ್ಕೂ ಬದಲಾಗುತ್ತದೆ. ಸಂಕಲನದಲ್ಲಿ ಆಟವನ್ನು ಹಿಂದಕ್ಕೆ ಸುತ್ತುವ ಸೌಲಭ್ಯವೂ ಇದೆ; ನಾಚಿಕೆಪಡದೆ ಬಳಸಿ.

ಲ್ಯಾಮಿಂಗ್ಟನ್_ರೋಡ್_ರಿಪೇರಿ:

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಕ್ಯಾಸೆಟ್ಟಿಗೆ ಬಾಯಿಂದ ಊದಬೇಡಿ. ನಾವೆಲ್ಲ ಊದಿದವರೇ, ಆದರೆ ಉಸಿರಿನ ತೇವ ತಾಮ್ರದ ಪಟ್ಟಿಗಳನ್ನು ತಿನ್ನುತ್ತದೆ. ಮುಂಬಯಿಯ ಮಳೆಗಾಲಗಳು ಈಗಾಗಲೇ ಆ ಕೆಲಸವನ್ನು ಸಾಕಷ್ಟು ಮಾಡಿಯೇ ಇರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಯ ಕಡ್ಡಿಯನ್ನು ಅದ್ದಿ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಹಳೆಯ ಅಡಾಪ್ಟರ್ ಕೆಟ್ಟಿದ್ದರೆ, ಕೈಗೆ ಸಿಕ್ಕಿದ್ದನ್ನು ಚುಚ್ಚದೆ, ಪೆಟ್ಟಿಗೆಯ ತಳದಲ್ಲಿ ಬರೆದಿರುವ ವೋಲ್ಟ್ ಹಾಗೂ ಪ್ಲಸ್ ಮೈನಸ್ ಗುರುತು ನೋಡಿಯೇ ಹೊಸತನ್ನು ತನ್ನಿ. ಟಿವಿಯಲ್ಲಿ ಹಳದಿ ಎವಿ ಸಾಕೆಟ್ ಇದ್ದರೆ ಕೆಲಸ ಸುಲಭ. ನಮ್ಮ ಕ್ಯಾಸೆಟ್ಟುಗಳು ಜಪಾನಿನ ಮಾದರಿಯ 60 ಪಿನ್ನಿನವು, ಅಮೆರಿಕದ ಅಸಲಿ ಯಂತ್ರ 72 ಪಿನ್ನಿನದು. ಆದ್ದರಿಂದ ಅಸಲಿ ಯಂತ್ರ ಕೊಂಡು ಅದರಲ್ಲಿ ಸಿಕ್ಕಿಸುವ ಯೋಚನೆ ಬೇಡ.

ಇನ್ನೊಂದು ಸೂಕ್ಷ್ಮವಿದೆ. ಯುರೋಪಿನಂತೆ ನಮ್ಮ ಹಳೆಯ ಟಿವಿಗಳೂ ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಸಲ ಚಿತ್ರ ಬಿಡಿಸುವಂಥವು. ಅಮೆರಿಕ ಮತ್ತು ಜಪಾನಿನಲ್ಲಿ ಅದು 60. ಅಲ್ಲಿಯ ಆಟವನ್ನು ಹೊಂದಿಸದೆ ಇಲ್ಲಿ ಓಡಿಸಿದರೆ ಸುಮಾರು ಶೇ. 17ರಷ್ಟು ನಿಧಾನವಾಗುತ್ತದೆ, ಸಂಗೀತವೂ ಎಳೆದಂತೆ ಕೇಳುತ್ತದೆ. ಬಾಲ್ಯದ ಆಟವನ್ನು ಈಗ ಆಡಿದಾಗ ಯಾಕೋ ಅವಸರದಲ್ಲಿದೆ ಎಂದು ಅನಿಸುವುದಕ್ಕೆ ಅನೇಕ ಸಲ ಇದೇ ಕಾರಣ.

ಪಗಡಿ_ಬಾಡಿಗೆದಾರ:

ಮಾಟುಂಗದ ಹಳಬರ ಮಾತಿಗೆ ಒಂದು ಸೇರ್ಪಡೆ. ಪಾತ್ರ ಒಬ್ಬರದು, ಆಟ ಇನ್ನೊಬ್ಬರದು ಆಗಿರುವುದರಿಂದ ಇಂಥ ಆಟಗಳನ್ನು ಮತ್ತೆ ಹೊರತರುವುದು ಕಷ್ಟ. ಕ್ಯಾಪ್‌ಕಾಮ್‌ನ 'ಅಲ್ಲಾದೀನ್' 2019ರ ಸಂಕಲನದಲ್ಲಿ ಇರಲಿಲ್ಲ, 2021ರಲ್ಲಿ ಸೇರಿತು. 1997ರ ಜೇಮ್ಸ್ ಬಾಂಡ್ ಕಥೆಯ 'ಗೋಲ್ಡನ್‌ಐ' ಆಟವನ್ನು ನಿಂಟೆಂಡೊ ಯಂತ್ರಕ್ಕೆಂದು ಮಾಡಿದ ರೇರ್ ಸಂಸ್ಥೆ 2002ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಬಾಂಡ್‌ನ ಹಕ್ಕು ಮೂರನೆಯವರ ಕೈಯಲ್ಲಿ. ಹೊಸ ಯಂತ್ರಗಳಿಗೆ ಅದು ಮರಳಿ ಬಂದದ್ದು 2023ರ ಜನವರಿಯಲ್ಲಿ. 'ಡಕ್‌ಟೇಲ್ಸ್ ರೀಮಾಸ್ಟರ್ಡ್' 2019ರ ಆಗಸ್ಟ್‌ನಲ್ಲಿ ಆನ್‌ಲೈನ್ ಅಂಗಡಿಗಳಿಂದ ಮಾಯವಾಗಿ 2020ರ ಮಾರ್ಚ್‌ನಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಡೌನ್‌ಲೋಡ್ ಮಾಡಿ ಕೊಂಡ ಆಟವೆಂದರೆ ನಮ್ಮ ಗಿರಗಾಂವಿನ ಪಗಡಿ ಮನೆಯ ಹಾಗೆ: ದುಡ್ಡು ಕೊಟ್ಟಿದ್ದೇವೆ, ವಾಸವಾಗಿದ್ದೇವೆ, ಮಾಲೀಕ ಮಾತ್ರ ಬೇರೆಯವನು. ಡಿಸ್ಕ್ ಅಥವಾ ಕಾರ್ಟ್ರಿಡ್ಜ್ ಸಿಕ್ಕರೆ ಅದನ್ನೇ ಕೊಳ್ಳಿ.

ಡೊಂಬಿವಲಿ_ಪ್ರಯಾಣಿಕ:

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಹೇಳಿದಂತೆಯೇ ಪಟ್ಟಿಗಳನ್ನು ಒರೆಸಿದೆ. ಹತ್ತಿಯ ಕಡ್ಡಿ ಮೂರು ಸಲವೂ ಕಪ್ಪಾಗಿ ಬಂದಿತು. ಅಡಾಪ್ಟರ್ ಸತ್ತಿತ್ತು, ಗುರುತು ನೋಡಿ ಹೊಸತನ್ನು ತಂದೆ. ಚಿತ್ರ ಸ್ವಲ್ಪ ನಡುಗುತ್ತಿದ್ದರೂ ಆಟ ನಡೆಯುತ್ತದೆ. ಹಕೂನಾ ಮಟಾಟಾ ತಲುಪಿದ್ದು ನಾನಲ್ಲ, ಮಗಳು. ಅದು ಮುಗಿದೊಡನೆ ಆಟವೂ ಮುಗಿಯಿತು, ಸಿಂಬಾ ಮರಿಯಾಗಿಯೇ ಉಳಿದ. ಪರದೆಯ ಫೋಟೊವನ್ನು ಅಣ್ಣನಿಗೆ ಕಳಿಸಿದ್ದೇನೆ. ನೋಡಿದ್ದಾನೆ, ಆದರೆ ಇನ್ನೂ ಉತ್ತರ ಬಂದಿಲ್ಲ.