ಬೆನ್ನು ಕ್ಷುದ್ರಗ್ರಹ: ಒಂದೇ ಬಂಡೆಯೋ, ಕಲ್ಲಿನ ರಾಶಿಯೋ?

ಮೂಡಣ: ಬೆನ್ನು ಕ್ಷುದ್ರಗ್ರಹ ಒಂದೇ ಬಂಡೆ ಅಲ್ಲ, ಬಿಡಿ ಕಲ್ಲುಗಳ ರಾಶಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಒಪ್ಪಿಗೆ ಆಗುತ್ತಿಲ್ಲ. ಫೋಟೋದಲ್ಲಿ ಮೈತುಂಬಾ ಕಲ್ಲು ಕಾಣುತ್ತವೆ, ನಿಜ. ಬೆಟ್ಟದ ಮೇಲೂ ಬಿಡಿ ಕಲ್ಲು ಇರುತ್ತವೆ. ಅಷ್ಟಕ್ಕೇ ಬೆಟ್ಟದ ಒಳಗೂ ಹಾಗೇ ಅನ್ನೋಕಾಗುತ್ತಾ?

ಅಳತೆಗೋಲು: ಫೋಟೋ ಬಿಡಿ, ತೂಕ ನೋಡಿ. ಒಸಿರಿಸ್-ರೆಕ್ಸ್ ನೌಕೆ ಅದರ ಸುತ್ತ ಸುತ್ತಿದಾಗ ಸೆಳೆತ ಎಷ್ಟೆಂದು ತಿಳಿಯಿತು. ಅದರಿಂದ ದ್ರವ್ಯರಾಶಿ ಸಿಕ್ಕಿತು, ಸುಮಾರು 7.3 ಕೋಟಿ ಟನ್. ಗಾತ್ರ ಸುಮಾರು 6.1 ಕೋಟಿ ಘನ ಮೀಟರ್. ಭಾಗಿಸಿ. ಘನ ಮೀಟರಿಗೆ 1.2 ಟನ್ ಆಸುಪಾಸು. ನೀರೇ ಒಂದು ಟನ್ ತೂಗುತ್ತದೆ, ಗಟ್ಟಿ ಕಲ್ಲು ಎರಡು ಟನ್ನಿಗೂ ಜಾಸ್ತಿ! ಹತ್ತಿರ ಹತ್ತಿರ ಅರ್ಧ ಜಾಗ ಖಾಲಿ ಇರಲೇಬೇಕು.

ಮೂಡಣ: ಖಾಲಿ ಇದೆ, ಸರಿ. ಅದು ಕಲ್ಲು ಕಲ್ಲುಗಳ ನಡುವೆಯೇ ಯಾಕೆ ಇರಬೇಕು? ಕಲ್ಲಿನೊಳಗೇ ಸಣ್ಣ ತೂತುಗಳಿರಬಹುದಲ್ವಾ? ಪ್ಯೂಮಿಸ್ ಕಲ್ಲು ನೀರಲ್ಲಿ ತೇಲುತ್ತದೆ, ಆದರೂ ಅದು ಒಂದೇ ಕಲ್ಲು.

ಬೆಳ್ಳಿಚುಕ್ಕಿ: ಒಳ್ಳೆಯ ಪ್ರಶ್ನೆ, ನೀವು ಹೇಳಿದ್ದು ಅರ್ಧ ಸರಿ ಕೂಡ. ಅಲ್ಲಿನ ಬಂಡೆಗಳಲ್ಲೇ ತೂತು ಜಾಸ್ತಿ. ಬಿಸಿಲಿಗೆ ಕಾದು ಆರುವ ರೀತಿಯಿಂದ ಅದು ಗೊತ್ತಾಗಿದೆ. ಆದರೆ 2020ರ ಅಕ್ಟೋಬರ್ 20ರಂದು ಏನಾಯಿತು ನೋಡಿ. ಮಾದರಿ ತೆಗೆಯಲು ನೌಕೆ ಕೈ ಚಾಚಿ ನೆಲ ಮುಟ್ಟಿತು. ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗ, ಅಷ್ಟೇ. ನೆಲ ತಡೆಯಲೇ ಇಲ್ಲ. ಕೈ ಸುಮಾರು ಅರ್ಧ ಮೀಟರ್ ಒಳಗಿಳಿಯಿತು. ಹಿಂದೆ ಸರಿಯುವ ಎಂಜಿನ್ ಉರಿಯದಿದ್ದರೆ ಇನ್ನೂ ಇಳಿಯುತ್ತಿತ್ತು. ಕಲ್ಲು ಸಿಕ್ಕಿಕೊಂಡು ಮುಚ್ಚಳ ಸರಿಯಾಗಿ ಕೂರಲಿಲ್ಲ, ಸ್ವಲ್ಪ ಮಾದರಿ ಚೆಲ್ಲಿಯೂ ಹೋಯಿತು.

ಮೂಡಣ: ಅದು ಮೇಲಿನ ಅರ್ಧ ಮೀಟರ್. ಬೆನ್ನುವಿನ ಅಡ್ಡಗಲ 490 ಮೀಟರ್. ಒಳಗಿನದು ಹೇಳಿ.

ಅಳತೆಗೋಲು: ಒಳಗಿನ ಸುಳಿವು ತಿರುಗುವ ವೇಗದಲ್ಲಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಇದು. ಬರೀ ಸೆಳೆತ ಹಿಡಿದಿಟ್ಟ ರಾಶಿ ತೀರಾ ಜೋರಾಗಿ ತಿರುಗಿದರೆ ನಡುಭಾಗದ ಕಲ್ಲುಗಳು ಹಾರಿಹೋಗುತ್ತವೆ. ಆ ಮಿತಿಯ ಲೆಕ್ಕದಲ್ಲಿ ಗಾತ್ರ ಬರುವುದೇ ಇಲ್ಲ, ಸಾಂದ್ರತೆ ಮಾತ್ರ. ಸುಮಾರು 2.2 ಗಂಟೆಗೆ ಒಂದು ಸುತ್ತು. 200 ಮೀಟರಿಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ ಇದನ್ನು ಮೀರಿದವು ತೀರಾ ಅಪರೂಪ. ಎಲ್ಲವೂ ಗಟ್ಟಿ ಬಂಡೆಗಳಾಗಿದ್ದರೆ ಅಲ್ಲಿಗೇ ಯಾಕೆ ನಿಲ್ಲಬೇಕು? ಸಣ್ಣವು ಕೆಲವೇ ನಿಮಿಷಕ್ಕೊಂದು ಸುತ್ತು ಹಾಕುತ್ತವೆ.

ಕಲ್ಲುಹೂವು: ಹಾಗಂತ ದೊಡ್ಡವೆಲ್ಲ ರಾಶಿ ಅನ್ನಬೇಡಿ. ಏರೋಸ್ ಕ್ಷುದ್ರಗ್ರಹ 30 ಕಿಲೋಮೀಟರಿಗೂ ಉದ್ದ ಇದೆ, ಸಾಂದ್ರತೆ ಘನ ಮೀಟರಿಗೆ 2.67 ಟನ್. ಬಿರುಕು ಬಿಟ್ಟಿದೆ, ಆದರೆ ಚೂರುಚೂರಾಗಿಲ್ಲ.

ಮೂಡಣ: ಬೆನ್ನುವಿನ ಸಾಂದ್ರತೆ ಹಾಕಿ ನಾನೂ ಲೆಕ್ಕ ಮಾಡಿದೆ. ಮಿತಿ ಸುಮಾರು 3 ಗಂಟೆ ಬಂತು. ಅದು ತಿರುಗುವುದು 4.3 ಗಂಟೆಗೊಮ್ಮೆ, ಹಾಗಾಗಿ ರಾಶಿಯಾಗಿದ್ದರೂ ಚೆದುರುವುದಿಲ್ಲ. ಬೆನ್ನು ಮಟ್ಟಿಗೆ ಒಪ್ಪಿದೆ. ಆದರೆ ಧೂಮಕೇತು 67ಪಿ ಸಾಂದ್ರತೆ ಬರೀ 0.53. ಅದರೊಳಗೆ ದೊಡ್ಡ ದೊಡ್ಡ ಗುಹೆಗಳಿವೆಯಾ?

ಬೆಳ್ಳಿಚುಕ್ಕಿ: ಇಲ್ಲ. ರೊಸೆಟ್ಟಾ ನೌಕೆ ಸೆಳೆತ ಅಳೆದು ನೋಡಿತು, ರೇಡಿಯೋ ಅಲೆ ಹಾಯಿಸಿಯೂ ನೋಡಿತು. ದೊಡ್ಡ ಪೊಳ್ಳು ಕಾಣಲಿಲ್ಲ. ಅಲ್ಲಿ ದೂಳು, ಮಂಜುಗಡ್ಡೆಯ ಮುದ್ದೆಯೇ ತೂತು ತೂತು. ನಿಮ್ಮ ಪ್ಯೂಮಿಸ್ ಮಾತು ಅಲ್ಲಿಗೆ ಜಾಸ್ತಿ ಹೊಂದುತ್ತದೆ.