ರೋಮಿನ ಗೊಂದಲದ ಐವತ್ತು ವರ್ಷ: ಆ ಕಾಲದ ನಾಣ್ಯ ಕೂಡಿಸುವವರ ಅನುಭವ

ಕೇಳಿದವರು, ಬರ್ಮಿಂಗ್‌ಹ್ಯಾಮ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಕಡೆಯವನು, ಈಗ ಇರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ರೋಮಿನ ಚರಿತ್ರೆಯಲ್ಲಿ ಕ್ರಿ.ಶ. 235ರಿಂದ 284ರವರೆಗಿನ ಕಾಲ ಓದಿದಷ್ಟೂ ಓದಬೇಕೆನಿಸುತ್ತಿದೆ. ಸೈನಿಕರೇ ಒಬ್ಬನನ್ನು ಪಟ್ಟಕ್ಕೇರಿಸುತ್ತಾರೆ, ಕೆಲವೇ ತಿಂಗಳಿಗೆ ಅವರೇ ಕೊಲ್ಲುತ್ತಾರೆ, ಮತ್ತೊಬ್ಬ ಬರುತ್ತಾನೆ. ಹೀಗೆ ಬಂದುಹೋದ ಒಬ್ಬೊಬ್ಬ ಚಕ್ರವರ್ತಿಯದೂ ಒಂದೊಂದು ನಾಣ್ಯ ಕೂಡಿಸಬೇಕೆಂದು ಆಸೆ. ತಿಂಗಳಿಗೆ 50–60 ಪೌಂಡ್ ತೆಗೆದಿಡಬಲ್ಲೆ. ಎಲ್ಲಿಂದ ಶುರು ಮಾಡಲಿ? ಯಾರದು ಕೈಗೆಟುಕುತ್ತದೆ, ಯಾರದು ಎಟುಕುವುದಿಲ್ಲ? ಖೋಟಾ ನಾಣ್ಯ ಗುರುತಿಸುವುದು ಹೇಗೆ? ಮುಂದೆ ಊರಿಗೆ ವಾಪಸಾದರೆ ಜೊತೆಗೆ ಒಯ್ಯಬಹುದಾ? ಬಲ್ಲವರು ದಯವಿಟ್ಟು ಹೇಳಿ.

ಜರ್ಮನಿಯ ಮೈನ್ಜ್ ಬಳಿಯಿಂದ ಒಬ್ಬರು

ನೀವು ಹೇಳುವ ಗೊಂದಲ ಶುರುವಾದದ್ದೇ ನಮ್ಮ ಈ ಊರ ಹತ್ತಿರ ಸರ್. 235ರಲ್ಲಿ ಸೆವೆರಸ್ ಅಲೆಕ್ಸಾಂಡರನನ್ನೂ ಅವನ ತಾಯಿಯನ್ನೂ ಅವನದೇ ಪಡೆಯವರು ಕೊಂದದ್ದು ಇಲ್ಲೇ. ನಾನು ಈ ಕಾಲದ ನಾಣ್ಯಗಳ ಹಿಂದೆ ಬಿದ್ದು ಬಹಳ ವರ್ಷಗಳಾದವು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕಡಿಮೆ ದಿನ ಆಳಿದವನ ನಾಣ್ಯ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ ಎಂಬ ಲೆಕ್ಕವನ್ನು ಮೊದಲು ಬಿಡಿ. ಈ ಕಾಲದಲ್ಲಿ ಅದು ನಡೆಯುವುದಿಲ್ಲ. ಕ್ವಿಂಟಿಲ್ಲಸ್‌ನನ್ನೇ ತೆಗೆದುಕೊಳ್ಳಿ. 270ರಲ್ಲಿ ಎರಡನೇ ಕ್ಲಾಡಿಯಸ್ ಪಿಡುಗಿಗೆ ಬಲಿಯಾದಾಗ ಪಟ್ಟಕ್ಕೆ ಬಂದ ತಮ್ಮ ಇವನು. ಹಳೆಯ ಬರಹಗಳಲ್ಲಿ ಒಂದು ಕಡೆ 17 ದಿನ ಆಳಿದ ಎಂದಿದೆ, ಇನ್ನೊಂದು ಕಡೆ 77 ದಿನ. ಆದರೂ ಅವನ ಸಾಧಾರಣ ನಾಣ್ಯ ನಿಮ್ಮ ಒಂದು ತಿಂಗಳ ದುಡ್ಡಿಗೆ ಬರುತ್ತದೆ. ಅಣ್ಣನ ಕಾಲದಲ್ಲಿ ನಡೆಯುತ್ತಿದ್ದ ರೋಮ್, ಮಿಲಾನ್, ಸಿಸ್ಕಿಯಾ, ಸಿಜಿಕಸ್ ಟಂಕಸಾಲೆಗಳು ಹಾಗೆಯೇ ತಮ್ಮನ ಕೈಗೆ ಬಂದವು. ಹಣದ ಬೆಲೆ ಕುಸಿದಿತ್ತು, ಸೈನ್ಯಕ್ಕೆ ಸಂಬಳ ಕೊಡಲು ರಾಶಿಗಟ್ಟಲೆ ನಾಣ್ಯ ಬೇಕಿತ್ತು. ಉಳಿದುಬಂದ ನಾಣ್ಯಗಳನ್ನು ನೋಡಿದರೆ 17 ದಿನದಲ್ಲಿ ಇಷ್ಟೆಲ್ಲ ಅಚ್ಚು ಹಾಕಿದರು ಎಂದು ನಂಬುವುದು ಕಷ್ಟ.

ಗಾಲ್ ಪ್ರಾಂತ್ಯದಲ್ಲಿ, ಅಂದರೆ ಈಗಿನ ಫ್ರಾನ್ಸ್ ಕಡೆ, 269ರಲ್ಲಿ ಎದ್ದ ಮಾರಿಯಸ್‌ನದೂ ಇದೇ ಕಥೆ. ಕಮ್ಮಾರನಾಗಿದ್ದವನು, ಎರಡು ಮೂರು ದಿನಕ್ಕೇ ಕೊಲೆಯಾದ ಎಂದು ಹಳೆಯ ಬರಹಗಾರರು ಹೇಳುತ್ತಾರೆ. ಆದರೆ ಅವನ ಹೆಸರಿನಲ್ಲಿ ಬೇರೆ ಬೇರೆ ನಮೂನೆಯ ನಾಣ್ಯಗಳು ಸಿಗುತ್ತಲೇ ಇವೆ. ಕೆಲವು ತಿಂಗಳಾದರೂ ಆಳಿರಬೇಕು ಎಂಬುದಕ್ಕೆ ಆ ನಾಣ್ಯಗಳೇ ಸಾಕ್ಷಿ. ಬರಹ ಒಂದು ಹೇಳುತ್ತದೆ, ಲೋಹ ಇನ್ನೊಂದು ಹೇಳುತ್ತದೆ. ಈ ಕಾಲದ ನಾಣ್ಯ ಕೂಡಿಸುವುದರ ನಿಜವಾದ ಸುಖ ನನಗೆ ಸಿಕ್ಕಿರುವುದು ಇಲ್ಲೇ.

ಇನ್ನು ನಿಜಕ್ಕೂ ಎಟುಕದವರು. 238ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಸುಮಾರು ಮೂರು ವಾರ ಚಕ್ರವರ್ತಿಗಳಾಗಿದ್ದ ಗಾರ್ಡಿಯನ್ ತಂದೆ-ಮಗ. ರೋಮಿನ ಸೆನೆಟ್ ಅವರ ಪಕ್ಷ ಹಿಡಿದದ್ದರಿಂದ ರೋಮ್ ಟಂಕಸಾಲೆ ಅವರ ಹೆಸರಲ್ಲಿ ನಾಣ್ಯ ಹೊಡೆಯಿತು. ಆದರೆ ಆ ನಾಣ್ಯಗಳನ್ನು ಕಣ್ಣಿಂದ ನೋಡುವ ಮೊದಲೇ ಇಬ್ಬರೂ ಸತ್ತಿರಬೇಕು. ಒಂದೊಂದಕ್ಕೂ ಸಾವಿರಗಟ್ಟಲೆ ಪೌಂಡ್. ಇಬ್ಬರ ನಾಣ್ಯದ ಮೇಲಿನ ಬರಹವೂ ಒಂದೇ, ಮುಖ ನೋಡಿಯೇ ಬೇರ್ಪಡಿಸಬೇಕು. ಮಗನ ಹಣೆಯ ಮೇಲಿನ ಕೂದಲು ಹೆಚ್ಚು ಉದುರಿದೆ. ಇವರಿಬ್ಬರ ಹೆಸರನ್ನು ಪಟ್ಟಿಯ ಕೊನೆಗೆ ಬರೆದಿಡಿ. ಅಗ್ಗಕ್ಕೆ ಕೊಡುತ್ತೇನೆ ಎಂದು ಯಾರಾದರೂ ಬಂದರೆ ಆ ಕಡೆ ತಿರುಗಿಯೂ ನೋಡಬೇಡಿ.

ಅದೇ ವರ್ಷದ ಪುಪಿಯೆನಸ್ ಮತ್ತು ಬಾಲ್ಬಿನಸ್‌ಗೆ ಮಾತ್ರ ಕೆಲವು ತಿಂಗಳ ಹಣ ಕೂಡಿಡಿ ಎನ್ನುತ್ತೇನೆ. ಸೆನೆಟ್ ಇಬ್ಬರನ್ನೂ ಜೊತೆಯಾಗಿ ಆರಿಸಿತು. ಒಬ್ಬರಿಗೊಬ್ಬರನ್ನು ಕಂಡರೆ ಆಗುತ್ತಿರಲಿಲ್ಲ. ಸುಮಾರು ಮೂರು ತಿಂಗಳಲ್ಲಿ ಅರಮನೆಯ ಕಾವಲು ಪಡೆಯವರು ಇಬ್ಬರನ್ನೂ ಎಳೆದೊಯ್ದು ಕೊಂದರು. ಈಗ ಅವರ ಆಂಟೋನಿನಿಯಾನಸ್ ಎಂಬ ಬೆಳ್ಳಿ ನಾಣ್ಯದ ಹಿಂಬದಿ ನೋಡಿ: ಬಲಗೈಗೆ ಬಲಗೈ ಸೇರಿಸಿ ಹಿಡಿದ ಎರಡು ಕೈಗಳು, ಸುತ್ತ ‘ಅಮೋರ್ ಮುಟುವುಸ್’, ‘ಫೀಡೆಸ್ ಮುಟುವಾ’, ಅಂದರೆ ಪರಸ್ಪರ ಪ್ರೀತಿ, ಪರಸ್ಪರ ನಂಬಿಕೆ. ನನ್ನ ಬಳಿಯಿರುವುದರಲ್ಲಿ ಬೆರಳುಗಳ ಗೆಣ್ಣು ಕೂಡ ಕಾಣುತ್ತವೆ. ಎಷ್ಟು ಸಲ ಕೈಗೆತ್ತಿಕೊಂಡರೂ ಆ ಇಬ್ಬರ ಕೊನೆ ನೆನಪಾಗಿ ಮನಸ್ಸು ಭಾರವಾಗುತ್ತದೆ.

ಶುರು ಮಾಡುವುದಕ್ಕೆ ನನ್ನ ಸಲಹೆ ಬೇರೆ. ಚಕ್ರವರ್ತಿಗಳ ಪಟ್ಟಿ ಹಿಡಿದು ಹೊರಡಬೇಡಿ, ಬೆಳ್ಳಿ ಹೇಗೆ ಕರಗಿತು ಎಂಬುದನ್ನು ಹಿಡಿದು ಹೊರಡಿ. ಆಂಟೋನಿನಿಯಾನಸ್ ಅಂದರೆ ರಾಜನ ತಲೆಗೆ ಸೂರ್ಯಕಿರಣಗಳ ಕಿರೀಟವಿರುವ ನಾಣ್ಯ. ರಾಣಿಯದಾದರೆ ಕೆಳಗೆ ಅರ್ಧಚಂದ್ರ ಇರುತ್ತದೆ. 215ರಲ್ಲಿ ಕ್ಯಾರಕಲ್ಲಾ ಇದನ್ನು ತಂದಾಗ ಅರ್ಧದಷ್ಟು ಬೆಳ್ಳಿ ಇತ್ತು. ಎರಡನೇ ಕ್ಲಾಡಿಯಸ್‌ನ ಹೊತ್ತಿಗೆ ನೂರಕ್ಕೆ ಎರಡು ಮೂರು ಪಾಲು ಉಳಿದಿತ್ತು ಅಷ್ಟೆ. ಮೂರನೇ ಗಾರ್ಡಿಯನ್, ಫಿಲಿಪ್, ಡೇಸಿಯಸ್, ವಲೇರಿಯನ್, ತಂದೆ ವಲೇರಿಯನ್ ಜೊತೆ ಅಲ್ಲದೆ ಒಬ್ಬನೇ ಆಳುತ್ತಿದ್ದಾಗಿನ ಗ್ಯಾಲಿಯೆನಸ್, ಎರಡನೇ ಕ್ಲಾಡಿಯಸ್, ಕೊನೆಗೆ ಔರೇಲಿಯನ್. ಈ ಏಳನ್ನು ಸಾಲಾಗಿ ಇಡಿ. ಎಡಗಡೆ ಬಿಳಿ ಬೆಳ್ಳಿ, ನಡುವೆ ಮಾಸಿದ ಬೂದು, ಆಮೇಲೆ ತೆಳ್ಳನೆಯ ಕಂದು ತಾಮ್ರ. ಔರೇಲಿಯನ್ 274ರಲ್ಲಿ ಸುಧಾರಣೆ ಮಾಡಿದ ಮೇಲೆ ನಾಣ್ಯ ಮತ್ತೆ ದುಂಡಾಗುತ್ತದೆ, 4 ಗ್ರಾಂ ಹತ್ತಿರ ತೂಗುತ್ತದೆ, ಮೇಲೆ ಬೆಳ್ಳಿಯ ತೆಳುಲೇಪ ಬರುತ್ತದೆ. ಕೆಳಗಡೆ ರೋಮನ್ ಅಂಕಿಯಲ್ಲಿ 20, 1 ಎಂದು ಕೆತ್ತಿರುತ್ತಾರೆ. ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಎಂದು ಅದನ್ನು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಈ ಏಳರಲ್ಲಿ ಯಾವುದೂ ನಿಮ್ಮ ಬಜೆಟ್ ಮೀರುವುದಿಲ್ಲ. ಒಂದು ಸಾಮ್ರಾಜ್ಯದ ಖಜಾನೆ ಖಾಲಿಯಾದದ್ದು ಮೇಜಿನ ಮೇಲೆ ಕಣ್ಣಿಗೆ ಕಾಣುತ್ತದೆ.

ಡೇಸಿಯಸ್‌ನದು ಕೊಳ್ಳುವಾಗ ಭೂತಗನ್ನಡಿ ಹಿಡಿದು ನಿಧಾನವಾಗಿ ನೋಡಿ. ಆಗ ದಿನಾರಿ ಎಂಬ ಹಳೆಯ ಬೆಳ್ಳಿ ನಾಣ್ಯಗಳನ್ನೇ ಮತ್ತೆ ಅಚ್ಚಿಗೆ ಕೊಟ್ಟು ಆಂಟೋನಿನಿಯಾನಸ್ ಮಾಡಿದ್ದುಂಟು. ಕಿರೀಟದ ಹಿಂದೆ ಹಳೆಯ ರಾಜನ ಹೆಸರಿನ ಎರಡಕ್ಷರ, ಕುತ್ತಿಗೆಯ ಬಳಿ ಹಳೆಯ ಗಡ್ಡದ ಗೆರೆ ಉಳಿದಿರುತ್ತವೆ. ಮಾರುವವರು ಎಷ್ಟೋ ಸಲ ಅದನ್ನು ಗಮನಿಸಿರುವುದಿಲ್ಲ, ಸಾಮಾನ್ಯ ಬೆಲೆಗೇ ಕೊಡುತ್ತಾರೆ.

ಲೀಡ್ಸ್‌ನಿಂದ ಒಬ್ಬರು

ಮೈನ್ಜ್‌ನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬ್ರಿಟನ್ನಿನಲ್ಲಿರುವುದು ನಿಮ್ಮ ಅದೃಷ್ಟ. ಈ ಕಾಲದ ನಾಣ್ಯ ಇಲ್ಲಿನ ನೆಲದಲ್ಲಿ ಸಿಕ್ಕಷ್ಟು ಬೇರೆಡೆ ಸಿಕ್ಕಿರುವುದು ಕಡಿಮೆ. 2010ರಲ್ಲಿ ಸಾಮರ್ಸೆಟ್‌ನ ಫ್ರೋಮ್ ಬಳಿ ಒಂದೇ ಗುಡಾಣದಲ್ಲಿ 52,503 ನಾಣ್ಯ ಸಿಕ್ಕವು. ಲೋಹಶೋಧಕ ಹಿಡಿದು ಹೊಲದಲ್ಲಿ ಓಡಾಡುತ್ತಿದ್ದವರು ಅದನ್ನು ತಾವೇ ಅಗೆದು ತೆಗೆಯದೆ ಪುರಾತತ್ವದವರನ್ನು ಕರೆಸಿದರು. ಹಾಗಾಗಿ ಯಾವ ನಾಣ್ಯ ಗುಡಾಣದ ಯಾವ ಮಟ್ಟದಲ್ಲಿತ್ತು ಎಂಬುದೂ ದಾಖಲಾಯಿತು. ವಿಲ್ಟ್‌ಶೈರ್‌ನ ಕ್ಯುನೇಟಿಯೊದಲ್ಲಿ 1978ರಲ್ಲಿ ಸಿಕ್ಕವು 54,951. ಗಾಲ್ ಕಡೆ ಆಳಿದ ಟೆಟ್ರಿಕಸ್, ವಿಕ್ಟೋರಿನಸ್ ನಾಣ್ಯಗಳು ಇಷ್ಟು ಅಗ್ಗವಾಗಿರುವುದಕ್ಕೆ ಇಂಥ ನಿಧಿಗಳೇ ಕಾರಣ. 20–25 ಪೌಂಡಿಗೆ ಓದಲು ಬರುವಂಥದ್ದೇ ಸಿಗುತ್ತದೆ.

ಬಿಡುವಿದ್ದ ದಿನ ಆಕ್ಸ್‌ಫರ್ಡ್‌ಗೆ ಹೋಗಿಬನ್ನಿ, ನಿಮಗೆ ದೂರವೇನಲ್ಲ. ಆಶ್ಮೋಲಿಯನ್ ಸಂಗ್ರಹಾಲಯದಲ್ಲಿ ಎರಡನೇ ಡೊಮಿಷಿಯನ್ ಎಂಬವನ ಒಂದು ನಾಣ್ಯ ಇದೆ. ಸುಮಾರು 271ರಲ್ಲಿ ಗಾಲ್ ಕಡೆ ಎದ್ದವನು. 1900ರಲ್ಲಿ ಫ್ರಾನ್ಸಿನಲ್ಲಿ ಅವನ ಮೊದಲ ನಾಣ್ಯ ಸಿಕ್ಕಾಗ ಅದನ್ನು ಅನುಮಾನಿಸಿ ಪಕ್ಕಕ್ಕಿಟ್ಟರು. 2003ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಚಾಲ್‌ಗ್ರೋವ್‌ನಲ್ಲಿ ಗುಡಾಣವೊಂದರೊಳಗೆ ಬೇರೆ ಸಾವಿರಾರು ನಾಣ್ಯಗಳಿಗೆ ಅಂಟಿಕೊಂಡು ಎರಡನೆಯದು ಬಂತು. ಎರಡೂ ಒಂದೇ ಅಚ್ಚಿನವು. ನೂರು ವರ್ಷ ಯಾರೂ ನಂಬದಿದ್ದ ಒಬ್ಬ ಚಕ್ರವರ್ತಿಗೆ ಒಂದು ಚಿಕ್ಕ ತಾಮ್ರದ ತುಂಡಿನಿಂದ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ನಿಧಿ ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಎಷ್ಟು ಮುಖ್ಯ ನೋಡಿ. ಅದಕ್ಕೇ ನಾನು ಕಾಗದಪತ್ರ ಇಲ್ಲದ ನಾಣ್ಯ ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಹಳೆಯ ಸಂಗ್ರಹದ್ದಾದರೆ ಆ ಚೀಟಿ, ನಿಧಿಯದಾದರೆ ಅದರ ಹೆಸರು ಬಿಲ್ಲಿನ ಮೇಲಿರಬೇಕು.

‘ತೊಳೆಯದ ರೋಮನ್ ನಾಣ್ಯ, ನೂರಕ್ಕೆ ಇಷ್ಟು’ ಎಂಬ ಜಾಹೀರಾತುಗಳು ಬರುತ್ತಿರುತ್ತವೆ. ಅಂಥ ಒಂದು ಚೀಲವನ್ನು ನನ್ನ ಗೆಳತಿಗೆ ಆನ್‌ಲೈನ್‌ನಲ್ಲಿ ಒಬ್ಬರು ಮಾರಿದ್ದರು. ಒಳ್ಳೆಯವನ್ನೆಲ್ಲ ಆರಿಸಿಕೊಂಡು ಉಳಿದ ಸವೆದ ಬಿಲ್ಲೆಗಳನ್ನಷ್ಟೇ ತುಂಬಿದ್ದರು, ಒಂದರ ಮೇಲೂ ಮುಖ ಕಾಣಲಿಲ್ಲ. ಆ ದುಡ್ಡಿಗೆ ಗುರುತು ಸಿಗುವ ಎರಡು ಒಳ್ಳೆಯ ನಾಣ್ಯ ಬರುತ್ತಿದ್ದವು.

ಸಿಂಗಪುರದಿಂದ ಒಬ್ಬರು

ನನ್ನದು ಚಿಕ್ಕ ಮಾತು. ಮನೆಯಲ್ಲಿ ಮಕ್ಕಳಿದ್ದರೆ ಗ್ಯಾಲಿಯೆನಸ್‌ನ ಪ್ರಾಣಿಗಳ ಸರಣಿ ಹಿಡಿಯಿರಿ. 267–268ರಲ್ಲಿ, ಕೊಲೆಯಾಗುವ ಸ್ವಲ್ಪ ಮುಂಚೆ, ಒಂದೊಂದು ದೇವರ ಕಾಪು ಬೇಡಿ ಹೊಡೆಸಿದವು. ಡಯಾನಾಗೆ ಜಿಂಕೆ, ಅಪೊಲೊಗೆ ಅರ್ಧ ಮನುಷ್ಯ ಅರ್ಧ ಕುದುರೆಯ ಕಿನ್ನರ, ಲಿಬರ್‌ಗೆ ಚಿರತೆ, ಸೂರ್ಯನಿಗೆ ರೆಕ್ಕೆಯ ಕುದುರೆ. ಬೆಲೆ ಹೆಚ್ಚಿಲ್ಲ. ಫಿಲಿಪ್ 248ರಲ್ಲಿ ರೋಮಿನ ಸಾವಿರದ ವರ್ಷ ಆಚರಿಸಿದಾಗ ಹೊಡೆಸಿದ ಸಿಂಹ, ತೋಳ, ಜಿಂಕೆಗಳೂ ಚೆಂದ. ಅವನ ರಾಣಿ ಒಟಾಸಿಲಿಯಾಳ ನಾಣ್ಯದ ಮೇಲೆ ನೀರಾನೆ ಇದೆ. ನನ್ನ ಮಗಳು ಈ ಹವ್ಯಾಸಕ್ಕೆ ಬಂದದ್ದು ಆ ನೀರಾನೆಯಿಂದಲೇ.

ಮಂಗಳೂರಿನಿಂದ ಒಬ್ಬರು

ಊರಿಗೆ ತರುವ ವಿಷಯ ಯಾರೂ ಎತ್ತಲಿಲ್ಲ. ನಮ್ಮ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂದರೆ ತಂದ ಮೇಲೆ ಲಂಡನ್ ಹರಾಜಿಗೆ ಮತ್ತೆ ಕಳಿಸುತ್ತೇನೆ ಎಂದರೆ ಅಷ್ಟು ಸುಲಭವಿಲ್ಲ. ಹೊರಡುವ ಮುಂಚೆಯೇ ಕಸ್ಟಮ್ಸ್‌ಗೆ ಬರೆದು ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಎಲ್ಲ ನಾಣ್ಯದ ಬಿಲ್ಲು, ಚಿತ್ರ, ತೂಕ ಒಂದು ಕಡತದಲ್ಲಿರಲಿ. ಬಂದಿಳಿದಾಗ ಘೋಷಿಸಿ.

ಇನ್ನೊಂದು. ಇಲ್ಲಿ ‘ನಮ್ಮ ಹೊಲದಲ್ಲಿ ಸಿಕ್ಕ ರೋಮನ್ ನಾಣ್ಯ’ ಎಂದು ತೋರಿಸುವವರು ಸಿಗುತ್ತಾರೆ. ಕರ್ನಾಟಕದಲ್ಲಿ ರೋಮನ್ ನಾಣ್ಯ ಸಿಕ್ಕಿರುವುದು ನಿಜ. ಯಶವಂತಪುರದಲ್ಲಿ 1891ರಲ್ಲಿ ಬೆಳ್ಳಿ ದಿನಾರಿಗಳ ನಿಧಿ ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಅವು 1ನೇ ಶತಮಾನದವು, ಆಗಸ್ಟಸ್, ಟೈಬೀರಿಯಸ್ ಮುಂತಾದವರವು. ನಮ್ಮ ವರ್ತಕರಿಗೆ ಬೇಕಾಗಿದ್ದದ್ದು ಒಳ್ಳೆಯ ಬೆಳ್ಳಿ, ಒಳ್ಳೆಯ ಚಿನ್ನ. ನೂರಕ್ಕೆ ಮೂರು ಪಾಲು ಬೆಳ್ಳಿಯ ನಾಣ್ಯ ಹಿಡಿದು ಮೆಣಸು ಕೊಳ್ಳಲು ಬಂದರೆ ಯಾರು ಕೊಡುತ್ತಾರೆ? ಹಾಗಾಗಿ ಗ್ಯಾಲಿಯೆನಸ್, ಟೆಟ್ರಿಕಸ್ ನಾಣ್ಯ ತೋರಿಸಿ ನಮ್ಮ ತೋಟದಲ್ಲಿ ಸಿಕ್ಕಿತು ಎಂದರೆ ನಾನಂತೂ ಒಪ್ಪುವುದಿಲ್ಲ. ಅಲ್ಲದೆ ನಿಜವಾಗಿ ನೆಲದಲ್ಲಿ ಸಿಕ್ಕಿದ್ದರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕರಾವಳಿಯ ಮಳೆಗಾಲದಲ್ಲಿ ತಾಮ್ರದ ನಾಣ್ಯ ಕಾಪಾಡುವುದೇ ದೊಡ್ಡ ಕೆಲಸ. ಗಟ್ಟಿಯಾದ, ನುಣುಪಾದ ಹಸಿರು ಪದರ ಇದ್ದರೆ ಚಿಂತೆಯಿಲ್ಲ, ಅದೇ ನಾಣ್ಯಕ್ಕೆ ರಕ್ಷೆ. ಉಗುರಿಗೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಆ ಕ್ಷಣವೇ ಬೇರೆ ಡಬ್ಬಿಗೆ ಹಾಕಿ. ಒಳಗಿನ ಕ್ಲೋರೈಡ್ ತೇವ ಸಿಕ್ಕಿದಂತೆಲ್ಲ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಜೆಲ್ ಒಣಗಿಸುವುದು, ಇಷ್ಟು ಮಾಡಿ. ಮೆತ್ತನೆಯ ಪಿವಿಸಿ ಕವರ್ ಬೇಡ, ಅದು ಕಾಲಕ್ರಮೇಣ ಅಂಟಂಟಾಗಿ ನಾಣ್ಯಕ್ಕೆ ಕಿಲುಬು ಹಿಡಿಸುತ್ತದೆ. ಮನೆಯವರಿಗೂ ಮೊದಲೇ ಹೇಳಿಡಿ: ತಾಮ್ರದ ಚೊಂಬು ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಔರೇಲಿಯನ್, ಪ್ರೋಬಸ್ ನಾಣ್ಯಗಳ ಬೆಳ್ಳಿಲೇಪ ಒಂದೇ ಸಲಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಕೇಳಿದವರು

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಏಳು ನಾಣ್ಯದ ಸಾಲು ಮನಸ್ಸಿಗೆ ಹಿಡಿಸಿತು, ಅದನ್ನೇ ಮಾಡುತ್ತೇನೆ. ಖೋಟಾ ವಿಷಯ ಒಂದು ಉಳಿಯಿತು.

ಮೈನ್ಜ್ ಬಳಿಯವರು

ಅದನ್ನು ಬರೆಯಬೇಕೆಂದೇ ಇದ್ದೆ. ಅಗ್ಗದ ನಾಣ್ಯಗಳಲ್ಲಿ ಖೋಟಾ ಕಡಿಮೆ, ಬೆಲೆ ಏರಿದಂತೆ ಹೆಚ್ಚು. ಮೊದಲು ಅಂಚು ನೋಡಿ. ಹೊಡೆದ ನಾಣ್ಯದ ಅಂಚು ಸೀಳಿರಬಹುದು, ಓರೆಕೋರೆ ಇರಬಹುದು. ಎರಕ ಹೊಯ್ದದ್ದಾದರೆ ಎರಡು ಅಚ್ಚು ಕೂಡಿದ ಗೆರೆ ಸುತ್ತಲೂ ಓಡಿರುತ್ತದೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿರುತ್ತದೆ. ಆಮೇಲೆ ಅಕ್ಷರಗಳು. ಅಚ್ಚಿನಿಂದ ಹೊಡೆದ ಅಕ್ಷರದ ಬುಡ ಚೂಪಾಗಿರುತ್ತದೆ, ಎರಕದ್ದು ಕರಗಿದಂತೆ ಮೊಂಡಾಗಿರುತ್ತದೆ, ಸುತ್ತ ಗುಳ್ಳೆಯ ಚಿಕ್ಕ ತೂತುಗಳಿರುತ್ತವೆ. ಇವೆರಡಕ್ಕಿಂತ ದೊಡ್ಡ ಸುಳಿವು ಅವಳಿಗಳು. ಕೈಯಿಂದ ಹೊಡೆದ ಎರಡು ನಾಣ್ಯಗಳ ಅಂಚಿನ ಸೀಳು, ಚಿತ್ರ ಸರಿದಿರುವ ದಿಕ್ಕು, ಸವೆತ ಎಲ್ಲವೂ ಒಂದೇ ಇರಲು ಸಾಧ್ಯವೇ ಇಲ್ಲ. ಹಾಗೆ ಒಂದೇ ತರಹದ ಎರಡು ಕಂಡರೆ ಎರಡನ್ನೂ ಬಿಡಿ.

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ನಡೆಸುವ ‘ಓಕ್ರೆ’ ಎಂಬ ಆನ್‌ಲೈನ್ ಪಟ್ಟಿ ಉಚಿತ. ಮುಂಬದಿಯ ಬರಹ, ಹಿಂಬದಿಯ ಚಿತ್ರ, ಟಂಕಸಾಲೆ ಹೊಂದಿಸಿ ನೋಡಲು ಅದಕ್ಕಿಂತ ಒಳ್ಳೆಯದು ಹೊಸಬರಿಗೆ ಇಲ್ಲ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯೂ ಒಂದಿರಲಿ. ಮೂರನೇ ಗಾರ್ಡಿಯನ್‌ನ ಆಂಟೋನಿನಿಯಾನಸ್ 4 ಗ್ರಾಂ ಆಸುಪಾಸಿನಲ್ಲಿರಬೇಕು. ಎರಡೂವರೆ ತೂಗಿದರೆ ಅನುಮಾನಿಸಿ. ಎರಡನೇ ಕ್ಲಾಡಿಯಸ್‌ಗೆ ಅದೇ ಎರಡೂವರೆ ಸಹಜ.

ಮೊದಲಿಗೆ ಮೂರನೇ ಗಾರ್ಡಿಯನ್‌ನದನ್ನೇ ಕೊಳ್ಳಿ. ಮಾರುವವರಿಂದ ಅಂಚಿನ ಚಿತ್ರ ಕೇಳಿ ತರಿಸಿಕೊಳ್ಳಿ, ಕೊಡದಿದ್ದರೆ ಬೇರೆ ಅಂಗಡಿ ನೋಡಿ. ದುಡ್ಡು ಕೊಡುವ ಮುಂಚೆ ಎರಡೂ ಬದಿ, ಅಂಚು, ತೂಕ ಇಲ್ಲಿ ಹಾಕಿದರೆ ನಾನು, ಲೀಡ್ಸ್‌ನವರು ಇಬ್ಬರೂ ನೋಡಿ ಹೇಳುತ್ತೇವೆ.