ಅಪ್ಪನಿಗೆ ಸೋರಿಯಾಸಿಸ್ ಇದೆ, ಮಗಳಿಗೆ ಜೀನ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಾಯಿ):
ನಮಸ್ಕಾರ ಡಾಕ್ಟ್ರೇ. ನಮ್ಮ ಮನೆಯವರಿಗೆ 28ನೇ ವಯಸ್ಸಿನಿಂದ ಸೋರಿಯಾಸಿಸ್ ಇದೆ. ಮೊಣಕೈ, ಮೊಣಕಾಲು, ತಲೆ ಎಲ್ಲಾ ಕಡೆ ಹೊಟ್ಟು ಉದುರುತ್ತದೆ, ಚಳಿಗಾಲದಲ್ಲಿ ಜಾಸ್ತಿ. ಈಗ ಮಗಳಿಗೆ ಚಿತ್ರದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹೆಣ್ಣು ನೋಡಲು ಬಂದವರು ಇವರ ಕೈ ನೋಡಿ, ಆಮೇಲೆ ಮಧ್ಯಸ್ಥರ ಹತ್ತಿರ "ಅದು ವಂಶದಲ್ಲಿ ಬರೋದಂತೆ, ಹುಡುಗಿಗೂ ಬರುತ್ತಾ ಕೇಳಿ" ಅಂದರಂತೆ. ಮಗಳ ಮೈಮೇಲೆ ಒಂದು ಕಲೆಯೂ ಇಲ್ಲ. ಎಂಜಲು ತಗೊಂಡು ಜೀನ್ ಟೆಸ್ಟ್ ಮಾಡುತ್ತಾರಂತಲ್ಲ, ಮಾಡಿಸಿ ರಿಪೋರ್ಟ್ ಕೊಟ್ಟುಬಿಡೋಣ್ವಾ? ಇನ್ನೊಂದು, ಇವರಿಗೆ ಈಚೆಗೆ ಬೆಳಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುವುದಿಲ್ಲ. ವಯಸ್ಸಾಯ್ತು, ವಾತ ಅಂತ ಎಣ್ಣೆ ಹಚ್ಚುತ್ತಿದ್ದೇವೆ.

ಉತ್ತರ (ಚರ್ಮರೋಗ ವೈದ್ಯರು):
ಅಮ್ಮಾ, ಕೊನೆಯಲ್ಲಿ "ಇನ್ನೊಂದು" ಅಂತ ಬರೆದಿದ್ದೀರಲ್ಲ, ನನಗೆ ಚಿಂತೆ ಅದರದ್ದೇ. ಆದರೂ ಮೊದಲು ಮಗಳ ವಿಷಯ ಹೇಳಿಬಿಡುತ್ತೇನೆ.

ಟೆಸ್ಟ್ ಬೇಡ. ವಂಶದ ಪಾಲು ಇದೆ, ಸುಳ್ಳಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 14, ಇಬ್ಬರಿಗೂ ಇದ್ದರೆ ಸುಮಾರು 40 ಅಂತ ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಅಂದರೆ ನಿಮ್ಮಂಥ ಮನೆಯ ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ. ಒಂದೇ ಥರದ ಅವಳಿ ಮಕ್ಕಳಲ್ಲೂ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದೇ ಇರುವುದುಂಟು, ಇಬ್ಬರ ಜೀನ್ ಒಂದೇ ಆಗಿದ್ದರೂ.

ಇದು ಒಂದು ಜೀನ್‌ನಿಂದ ಬರುವ ಕಾಯಿಲೆ ಅಲ್ಲ. ಹತ್ತಾರು ಜೀನ್‌ಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ, ಅದರಲ್ಲಿ ದೊಡ್ಡ ಪಾಲು 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ-ಸಿ*06:02 ಅನ್ನುವ ಜೀನ್ ರೂಪದ್ದು. 40 ದಾಟುವ ಮೊದಲೇ ಶುರುವಾಗುವ ಸೋರಿಯಾಸಿಸ್‌ಗೂ, ಗಂಟಲು ನೋವು ಬಂದ ಎರಡು ಮೂರು ವಾರಕ್ಕೆ ಮೈತುಂಬ ಸಣ್ಣ ಸಣ್ಣ ಗುಳ್ಳೆಯ ಹಾಗೆ ಏಳುತ್ತದಲ್ಲ, ಅದಕ್ಕೂ ಇದರ ನಂಟು ಜಾಸ್ತಿ. ಆದರೆ ಈ ಜೀನ್ ಇರುವ ಹೆಚ್ಚಿನವರು ಆರಾಮಾಗಿದ್ದಾರೆ, ಸೋರಿಯಾಸಿಸ್ ಇರುವ ಎಷ್ಟೋ ಜನರಲ್ಲಿ ಈ ಜೀನ್ ಇಲ್ಲ. ಹೀಗಿರುವಾಗ ರಿಪೋರ್ಟಿನಲ್ಲಿ ಪಾಸಿಟಿವ್ ಅಂತ ಬಂದರೆ ಬೀಗರ ಮನೆಯವರು ಸುಮ್ನೆ ಹೆದರುತ್ತಾರೆ, ನೆಗೆಟಿವ್ ಬಂದರೆ ನಿಮಗೆ ಸುಳ್ಳು ಧೈರ್ಯ. ಮುಟ್ಟಿದರೆ ಹರಡುವುದಿಲ್ಲ, ಬಂದರೂ ಔಷಧಿ ಇದೆ ಅಂತ ಅವರಿಗೆ ಹೇಳಿ. ಮತ್ತೂ ಅನುಮಾನ ಇದ್ದರೆ ಕರೆದುಕೊಂಡು ಬನ್ನಿ, ನಾನೇ ಹೇಳುತ್ತೇನೆ.

ಜೀನ್ ಸಂಶೋಧನೆಯಿಂದ ಉಪಯೋಗ ಆಗಿಲ್ಲ ಅಂತಲ್ಲ. ದೇಹದಲ್ಲಿ ಉರಿಯೂತ ಹೆಚ್ಚಿಸುವ ಐಎಲ್-23 ಎಂಬ ಸಂದೇಶದ ದಾರಿಗೆ ಸಂಬಂಧಪಟ್ಟ ಜೀನ್‌ಗಳಲ್ಲೂ ವ್ಯತ್ಯಾಸ ಸಿಕ್ಕಿದೆ, ಈಗಿನ ದುಬಾರಿ ಇಂಜೆಕ್ಷನ್‌ಗಳಲ್ಲಿ ಹಲವು ತಡೆಯುವುದು ಅದೇ ದಾರಿಯನ್ನು.

ಈಗ ಯಜಮಾನರ ಬೆರಳು. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇರುತ್ತದಾ, ಕೈಕಾಲು ಆಡಿಸಿದ ಮೇಲೆ ಸಡಿಲ ಆಗುತ್ತದಾ ನೋಡಿ. ಕೈಯನ್ನು ಬೆಳಕಿಗೆ ಹಿಡಿದು ಉಗುರು ನೋಡಿ, ಟೈಲರ್‌ಗಳು ಬೆರಳಿಗೆ ಹಾಕುವ ಟೋಪಿಯ ಹಾಗೆ ಚುಕ್ಕಿ ಚುಕ್ಕಿ ಗುಣಿ ಇದೆಯಾ? ಯಾವುದಾದರೂ ಒಂದು ಬೆರಳು ಬುಡದಿಂದ ತುದಿವರೆಗೆ ಪೂರ್ತಿ ಊದಿದೆಯಾ? ಹಿಮ್ಮಡಿ ನೋವು?

ಅದೇ ಮಹಿಳೆ:
ಉಗುರಿನಲ್ಲಿ ಗುಣಿ ಇದೆ ಡಾಕ್ಟ್ರೇ! ಸುಣ್ಣದ ಕೊರತೆ ಅಂದುಕೊಂಡಿದ್ದೆವು. ಬಲಗೈ ತೋರುಬೆರಳು ಊದಿದೆ, ಉಂಗುರ ಹಾಕಲು ಆಗುತ್ತಿಲ್ಲ. ಆದರೆ ಕೀಲುವಾತಕ್ಕೆ ಮಾಡುವ ರಕ್ತ ಪರೀಕ್ಷೆ, ಆರ್‌ಎ ಫ್ಯಾಕ್ಟರ್, ನೆಗೆಟಿವ್ ಬಂದಿತ್ತು.

ಉತ್ತರ:
ನನಗಿರುವ ಅನುಮಾನ ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆ ಬರುವ ಕೀಲುವಾತ. ಅದರಲ್ಲಿ ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ವೇ. ಇದನ್ನು ಹೌದು ಅಥವಾ ಅಲ್ಲ ಅನ್ನುವ ಒಂದು ರಕ್ತ ಪರೀಕ್ಷೆ ಇಲ್ಲ. ಬೆನ್ನು ಹಿಡಿದವರಿಗೆ ಬರೆದುಕೊಡುವ ಎಚ್‌ಎಲ್‌ಎ-ಬಿ27 ಎಂಬ ಜೀನ್ ಟೆಸ್ಟ್ ಕೂಡ ಸುಳಿವು ಮಾತ್ರ. ಚರ್ಮಕ್ಕೆ ಬಂದು ಎಷ್ಟೋ ವರ್ಷ ಆದಮೇಲೆ ಕೀಲಿಗೆ ಬರುವುದೇ ಹೆಚ್ಚು, ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ 30ರವರೆಗೂ ಬರಬಹುದು. ಉಗುರು, ತಲೆಯಲ್ಲಿ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ತಡ ಮಾಡಿದರೆ ಕೀಲು ಸವೆದು ಬೆರಳು ಸೊಟ್ಟ ಆಗುತ್ತದೆ, ಆಮೇಲೆ ಸರಿಮಾಡಲು ಆಗುವುದಿಲ್ಲ. ಇದೇ ವಾರ ರುಮಟಾಲಜಿ (ಕೀಲುವಾತದ) ಡಾಕ್ಟರಿಗೆ ತೋರಿಸಿ. ಕೈಕಾಲಿನ ಎಕ್ಸ್‌ರೇ ಅವರೇ ಬರೆಯುತ್ತಾರೆ. ಬಿಪಿ ಮಾತ್ರೆ ಇದ್ದರೆ ಚೀಟಿ ಒಯ್ಯಿರಿ, ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ.

ಹರಿಹರದಿಂದ ಒಬ್ಬರು:
ಸರ್, ನಮ್ಮಣ್ಣನಿಗೆ ಒಬ್ಬರು ಪುಡಿ ಕೊಟ್ಟಿದ್ದರು, ಹದಿನೈದು ದಿನದಲ್ಲಿ ಮೈ ಫುಲ್ ಕ್ಲೀನ್. ಬಿಟ್ಟ ಮೇಲೆ ಡಬಲ್ ಆಯ್ತು. ಮತ್ತೆ ಬೆಣ್ಣೆದೋಸೆ ಬಿಡಬೇಕಾ?

ಉತ್ತರ:
ಅಷ್ಟು ಬೇಗ ಹೋಗಿ ಹಾಗೆ ತಿರುಗಿ ಬಂತು ಅಂದರೆ ನನಗೆ ಸ್ಟಿರಾಯ್ಡ್ ಮೇಲೇ ಅನುಮಾನ. ಹಠಾತ್ತಾಗಿ ನಿಲ್ಲಿಸಿದರೆ ಮೈಯೆಲ್ಲ ಕೀವುಗುಳ್ಳೆ ಎದ್ದು ಅಡ್ಮಿಟ್ ಮಾಡುವ ಪರಿಸ್ಥಿತಿ ಬರಬಹುದು. ಪುಡಿ ಉಳಿದಿದ್ದರೆ ಡಾಕ್ಟರಿಗೆ ತೋರಿಸಿ. ದೋಸೆಗೂ ಇದಕ್ಕೂ ಜಗಳ ಇಲ್ಲ, ತೂಕ ನೋಡಿಕೊಳ್ಳಿ ಅಷ್ಟೇ. ಬೊಜ್ಜು ಚರ್ಮಕ್ಕೂ ಕೀಲಿಗೂ ಎರಡಕ್ಕೂ ಕೆಟ್ಟದ್ದು. ಬೀಡಿ ಸಿಗರೇಟು, ಕುಡಿತ ಬಿಡಲೇಬೇಕು.

ಮೊದಲಿನ ಮಹಿಳೆ:
ಇವರ ಸೋರಿಯಾಸಿಸ್‌ಗೆ ಹಿಂದೆ ಬರೆದುಕೊಟ್ಟಿದ್ದ ಮೆಥೊಟ್ರೆಕ್ಸೇಟ್ ಮಾತ್ರೆ ಅರ್ಧ ಪಟ್ಟಿ ಮನೆಯಲ್ಲಿದೆ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ದಿನಾ ಒಂದು ಕೊಡಲಾ?

ಉತ್ತರ:
ಖಂಡಿತ ಬೇಡ ಅಮ್ಮಾ! ಅದು ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ, ದಿನಾ ನುಂಗಿದರೆ ರಕ್ತಕಣ ಬಿದ್ದುಹೋಗಿ ಜೀವಕ್ಕೇ ಅಪಾಯ. ಶುರು ಮಾಡುವ ಮುಂಚೆ ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಆಗಲೇಬೇಕು. ಆ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.